ಕಿರೀಟದ ಗಾಯ

ಪಾರ್ತಿಸುಬ್ಬನು ಬಾಳಿದ ಕುಂಬಳೆ ಸೀಮೆಯ ಮನೆಯ ಅಟ್ಟದಲ್ಲಿ ಯಕ್ಷಗಾನದ ಹಳೆಯ ಪೆಟ್ಟಿಗೆಯೊಂದಿದ್ದರೆ ಆಶ್ಚರ್ಯವೇನೂ ಇಲ್ಲ. ನಮ್ಮಲ್ಲಿಯೂ ಅಂಥದೊಂದಿದೆ. ಅಜ್ಜನವರು ಧರಿಸುತ್ತಿದ್ದ ತೆಂಕುತಿಟ್ಟಿನ ಕಿರೀಟವು ಅದರೊಳಗೆ ಬಟ್ಟೆ ಸುತ್ತಿಕೊಂಡು ಮಲಗಿದೆ. ಕಳೆದ ಬೇಸಗೆಯ ರಜೆಯಲ್ಲಿ ಅದನ್ನು ಹೊರತೆಗೆಯಬೇಕಾದ ಸಂದರ್ಭವೊದಗಿತು.

ಮನೆಯ ಮಕ್ಕಳು ಕರ್ಣಾರ್ಜುನರ ಯುದ್ಧವನ್ನು ಅಂಗಳದಲ್ಲಿ ಆಡಲು ಹೊರಟಿದ್ದರು. ಕರ್ಣನ ಸರ್ಪಾಸ್ತ್ರವು ಎರಗಿ ಬರುತ್ತಿರಲು ಶ್ರೀಕೃಷ್ಣನು ರಥವನ್ನು ನೆಲಕ್ಕೆ ಅದುಮಿದನು. ಅರ್ಜುನನ ತಲೆ ಉಳಿಯಿತು, ಇಂದ್ರನಿತ್ತ ಕಿರೀಟ ಹೋಯಿತು. ಏಟು ತಿಂದ ಆ ಕಿರೀಟವನ್ನು ಎತ್ತಿ ತೋರಿಸಬೇಕೆಂಬುದು ಮಕ್ಕಳ ಹಂಬಲ. “ಅಟ್ಟದಲ್ಲಿರುವುದನ್ನೇ ಸ್ವಲ್ಪ ಒಡೆದರಾಯಿತು” ಎಂದನೊಬ್ಬ. ಅಜ್ಜಿಯ ಮುಖ ನೋಡಿ ಅವನೇ ಸುಮ್ಮನಾದನು.

ರಟ್ಟನ್ನು ಕತ್ತರಿಸಿ, ಕೆತ್ತನೆಯ ಉಬ್ಬಿಗಾಗಿ ಹುರಿಯನ್ನು ಅಂಟಿಸಿ, ಚಿನ್ನದ ಬಣ್ಣ ಬಳಿದೆವು. ಬಳಿಕ ಕಪ್ಪನ್ನು ಮೇಲಿಂದ ಕೆಳಗಿನವರೆಗೂ ಮೆತ್ತಿದೆವು. ಅದು ರಣರಂಗದಿಂದಲ್ಲ, ಬಚ್ಚಲೊಲೆಯಿಂದ ಬಂದಂತೆ ತೋರಿತು. “ಒಡೆಯುವುದೇಕೆ, ಮೆತ್ತುವುದೇಕೆ? ಹಳೆಯದನ್ನು ನೋಡಿ ಕಲಿಯಿರಿ” ಎಂದು ಅಜ್ಜಿಯೇ ಪೆಟ್ಟಿಗೆಯನ್ನು ಇಳಿಸಹೇಳಿದರು.

ನೋಡಿದರೆ ಸವೆತಕ್ಕೂ ಒಂದು ನ್ಯಾಯವಿದೆ. ಕೈಯಿಂದ ಹಿಡಿದೆತ್ತುವ ಎರಡು ಬದಿಗಳಲ್ಲಿ ಬೇಗಡೆ ಹರಿದು ಒಳಗಿನ ಮರ ಇಣುಕಿತ್ತು. ಉಬ್ಬಿದ ಅಂಚುಗಳು ಉಜ್ಜಿ ನುಣುಪಾಗಿದ್ದವು. ತಗ್ಗುಗಳಲ್ಲಿ ಮಾತ್ರ ಕಪ್ಪು ಕುಳಿತಿತ್ತು. ಹಣೆಗೆ ಒತ್ತುವ ಅಂಚು ಬೆವರಿನಿಂದ ಕಂದಿತ್ತು. ಮಿಕ್ಕೆಡೆ ಚಿನ್ನ ಚಿನ್ನವಾಗಿಯೇ ಇತ್ತು.

ಅದರಂತೆ ರಟ್ಟಿಗೆ ಮತ್ತೆ ಚಿನ್ನದ ಬಣ್ಣವಿತ್ತು, ಒಣಗಿದ ಮೇಲೆ ನೀರಾದ ಕಪ್ಪುಕಂದು ಬಣ್ಣವನ್ನು ಸವರಿ, ಹಸಿಯಿರುವಾಗಲೇ ಬಟ್ಟೆಯಿಂದ ಒರಸಿದೆವು. ತಗ್ಗಿನಲ್ಲಿ ಕಪ್ಪು ನಿಂತಿತು, ಉಬ್ಬು ಹೊಳೆಯಿತು. ಬಾಣದ ಏಟು ಒಂದೇ ಸಾಕೆಂದು ನಿಶ್ಚಯಿಸಿದೆವು. ಓರೆಯಾಗಿ ಒಂದು ಕಪ್ಪು ಗೆರೆ. ಅದರ ಕೆಳಗೆ ತಾಗಿದಂತೆ, ಬೆಳಕು ಬಿದ್ದ ಅಂಚಿನ ಹಾಗೆ, ತಿಳಿಹಳದಿಯ ಸಣ್ಣ ಗೆರೆ. ದೂರದಿಂದ ಅದು ಆಳವಾದ ಕಚ್ಚಾಗಿ ಕಂಡಿತು. ಸರ್ಪವಿಷದ ಉರಿ ತಗಲಿದ ಗುರುತಿಗೆ, ಬಣ್ಣ ಬಹುಮಟ್ಟಿಗೆ ಆರಿದ ಕುಂಚದಿಂದ ಸುತ್ತಲೂ ಕಪ್ಪನ್ನು ತಟ್ಟಿ, ಹೊರಹೊರಗೆ ತೆಳುವಾಗಿಸಿದೆವು. ಸಣ್ಣ ಗೀರುಗಳು ರಾತ್ರಿಯ ದೀಪದಲ್ಲಿ ಕಾಣಿಸವೆಂದು ಬಿಟ್ಟೆವು.

ಆಟದಂದು ಕೃಷ್ಣನಾದ ಬಾಲಕಿಯು ಕಿರೀಟವನ್ನೆತ್ತಿದಾಗ ಅಂಗಳವೆಲ್ಲ ಒಂದು ಗಳಿಗೆ ಸದ್ದಡಗಿತು. ನಮಗೂ ಹೆಮ್ಮೆಯೆನಿಸಿತು.

ಮರುದಿನ ಹಳೆಯ ಕಿರೀಟವನ್ನು ಒಳಗಿಡುವಾಗ, ಅರ್ಜುನನಾಗಿದ್ದ ಹುಡುಗನು ಅದರ ಒಳಬದಿಯನ್ನು ಬೆರಳಿನಿಂದ ಸವರಿ, “ಇದೇನಜ್ಜೀ, ಬರೆದದ್ದು?” ಎಂದು ಕೇಳಿದನು. ಅದು ಅಜ್ಜನವರು ಬರೆದ ತಮ್ಮ ಹೆಸರು. ಕನ್ನಡದ ನಾಲ್ಕೇ ಅಕ್ಷರ. ಹುಡುಗನು ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಓದುವುದು ಮಲಯಾಳ. ಬೆವರಿಗೆ ಅಕ್ಷರಗಳು ಮಾಸಿದ್ದವು, ನಿಜ. ಆದರೆ ಓದಲಾಗದಷ್ಟು ಮಾಸಿರಲಿಲ್ಲ. ತಪ್ಪನ್ನು ಕಿರೀಟದ ಮೇಲೆ ಹೊರಿಸುವಂತಿರಲಿಲ್ಲ. ಅಜ್ಜಿ ನಮ್ಮತ್ತ ನೋಡಿದರು. ನಾವು ನೆಲ ನೋಡಿದೆವು.

ಆ ಸಂಜೆಯಿಂದ ದಿನಕ್ಕೆ ಅರ್ಧ ಗಂಟೆ ಅವನಿಗೆ ಅಕ್ಷರಾಭ್ಯಾಸ ನಡೆದಿದೆ. ಅ ಆ ಇ ಈ ಎಂದಲ್ಲ, ಆ ನಾಲ್ಕು ಅಕ್ಷರಗಳಿಂದಲೇ ನಾವು ತೊಡಗಿದೆವು.