ಬಂದ ರೀಡಿಂಗನ್ನೇ ಬರೆಯಿರಿ

ಪರೀಕ್ಷೆಯ ಫಲಿತಾಂಶ ಬಂದ ಸಂಜೆ ಮನೆಮನೆಯಲ್ಲೂ ಒಂದು ವಾರ್ಷಿಕ ಸಭೆ ನಡೆಯುತ್ತದೆ. ತಂದೆ ಅಧ್ಯಕ್ಷರು, ತಾಯಿ ಕಾರ್ಯದರ್ಶಿ, ಪಕ್ಕದ ಮನೆಯವರು ವಿಶೇಷ ಆಹ್ವಾನಿತರು. ಅಂಕಪಟ್ಟಿ ಹಿಡಿದು ಮೂಲೆಯಲ್ಲಿ ನಿಂತ ಮಗನಿಗೆ ಮಾತಾಡುವ ಹಕ್ಕಿಲ್ಲ. ಅರ್ಧ ಗಂಟೆಯಲ್ಲಿ ಠರಾವು ಪಾಸಾಗುತ್ತದೆ: "ನಾಳೆಯಿಂದ ಆಟ ಬಂದ್!" ಮೂವತ್ತು ವರ್ಷ ಶಿಕ್ಷಕನಾಗಿ ಇಂಥ ಎಷ್ಟೋ ಸಭೆಗಳನ್ನು ಕಂಡಿದ್ದೇನೆ. ಒಂದು ಠರಾವಿಗೆ ನಾನೇ ಸೂಚಕನೂ ಆಗಿದ್ದೆ. ಅದನ್ನು ಹೇಳುವ ಮೊದಲು ಒಂದು ಫುಟ್‌ಬಾಲ್ ತಂಡದ ಕಥೆ ಹೇಳಬೇಕು.

ಮನೆ ಇಳಕಲ್ಲಿನಲ್ಲಿ, ಕೆಲಸ ಹುನಗುಂದದಲ್ಲಿ. 1998ರ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸ್ ತಂಡ ಬ್ರೆಜಿಲ್ಲನ್ನು 3-0ಯಿಂದ ಸೋಲಿಸಿತಲ್ಲ, ಅದನ್ನು ನಿದ್ದೆಗೆಟ್ಟು ಟಿವಿಯಲ್ಲಿ ನೋಡಿದ ನಮ್ಮ ಹುಡುಗರಿಗೆ ಹುಚ್ಚು ಹಿಡಿಯಿತು. ಕಬಡ್ಡಿ, ಖೋಖೋ, ಕುಸ್ತಿ ಬಿಟ್ಟರೆ ಬೇರೆ ಆಟ ಕಾಣದ ಊರು. ಒಂದು ಚೆಂಡು, ಗೋಲಿಗೆ ನಾಲ್ಕು ಬಿದಿರಿನ ಗಳ, ಹನ್ನೆರಡು ಹುಡುಗರು. ಬೇಡವೆನ್ನಲು ಬಾರದ ಶಿಕ್ಷಕ ನಾನೊಬ್ಬನೇ ಇದ್ದುದರಿಂದ ನಾನೇ ಕಾರ್ಯದರ್ಶಿ.

ವರ್ಷದ ಕೊನೆಗೆ ವರದಿ ಓದಬೇಕಲ್ಲ! "ನಮ್ಮ ತಂಡವು ಬಾದಾಮಿ, ಬಾಗಲಕೋಟೆಗಳಲ್ಲಿ ನಡೆದ ಪಂದ್ಯಗಳಲ್ಲಿ ಭಾಗವಹಿಸಿ ಎಲ್ಲರ ಮೆಚ್ಚುಗೆ ಗಳಿಸಿತೆಂದು ತಿಳಿಸಲು ಹರ್ಷಿಸುತ್ತೇನೆ" ಎಂದು ಓದಿದೆ. ಚಪ್ಪಾಳೆ ಬಿತ್ತು. ಆಡಿದ್ದು 6 ಪಂದ್ಯ, 5ರಲ್ಲಿ ಸೋಲು, 1 ಸಮ. ಆ ಸಂಗತಿ ವರದಿಯಲ್ಲಿ ಎಲ್ಲೂ ಇರಲಿಲ್ಲ.

ಮರುವಾರ ಒಂಬತ್ತನೆಯ ತರಗತಿಗೆ ಲೋಲಕದ ಪ್ರಯೋಗ ಮಾಡಿಸುತ್ತಿದ್ದೆ. ಗುರುತ್ವ ವೇಗೋತ್ಕರ್ಷ ಕಂಡುಹಿಡಿಯಬೇಕು. ನೋಡಿದರೆ ಎಲ್ಲರ ಉತ್ತರವೂ 9.8! ಪುಸ್ತಕದಲ್ಲಿದ್ದದ್ದನ್ನು ಮೊದಲು ಬರೆದು ರೀಡಿಂಗನ್ನು ಅದಕ್ಕೆ ಹೊಂದಿಸಿದ್ದರು. "ನಿಮಗೆ 9.1 ಬಂದರೆ 9.1 ಬರೆಯಿರಿ. ತಪ್ಪು ಎಲ್ಲಾಗಿದೆ ಎಂಬುದು ಆಗ ಗೊತ್ತಾಗುತ್ತದೆ. ದಾರದ ಅಳತೆ ತಪ್ಪಿತೋ, ಎಣಿಕೆ ತಪ್ಪಿತೋ ಹುಡುಕಬಹುದು" ಎಂದು ಗದರಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ಇಳಕಲ್ಲಿನ ನೇಕಾರರ ಮಗ, ನಮ್ಮ ತಂಡದ ಮುನ್ನಡೆ ಆಟಗಾರ. "ಸರ, ಹಂಗಾದ್ರ ವರದಿಯೊಳಗ ನೀವು ಯಾಕ ಬಂದದ್ದನ್ನ ಬರೀಲಿಲ್ಲ?"

ತರಗತಿ ನಿಶ್ಶಬ್ದವಾಯಿತು. ನನ್ನ ಬಳಿ ಉತ್ತರವಿರಲಿಲ್ಲ.

ಆ ಶನಿವಾರ ಬೇವಿನ ಮರದ ಕೆಳಗೆ ನಿಜವಾದ ಸಭೆ ಸೇರಿತು. ಒಂದು ಹಲಗೆಯ ಮೇಲೆ ಬರೆಯುತ್ತ ಹೋದೆವು. ಬಿಟ್ಟುಕೊಟ್ಟ ಗೋಲು 14. ಅದರಲ್ಲಿ ಕೊನೆಯ ಹದಿನೈದು ನಿಮಿಷಗಳಲ್ಲಿ ಹೋದವೇ 9! ಆಟ ಬಾರದಿದ್ದರೆ ಮೊದಲಿನಿಂದಲೇ ಗೋಲು ಹೋಗಬೇಕಿತ್ತು. ಹಾಗಾದರೆ ಸೋತದ್ದು ಕಾಲೋ, ಹೊಟ್ಟೆಯೋ? ಊಟ ಯಾವಾಗ ಮಾಡಿದ್ದಿರಿ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಬೆಳಗಿನ ಜಾವ ಎದ್ದು ಅಪ್ಪನ ಮಗ್ಗಕ್ಕೆ ಕಂಡಿಕೆ ಸುತ್ತಿ, ಒಂಬತ್ತಕ್ಕೆ ರೊಟ್ಟಿ ತಿಂದು, ಬಸ್ಸು ಹಿಡಿದು ಬಂದವರು ಸಂಜೆ ನಾಲ್ಕಕ್ಕೆ ಮೈದಾನಕ್ಕಿಳಿಯುತ್ತಿದ್ದರು. ನಾವು ತಿಂದ ಹಿಟ್ಟಿನ ಪದಾರ್ಥ ಸಕ್ಕರೆಯಾಗಿ, ಗ್ಲೈಕೋಜನ್ ರೂಪದಲ್ಲಿ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಸಂಗ್ರಹವಾಗುತ್ತದೆ. ಓಡುವವನಿಗೆ ಅದೇ ಇಂಧನ. ಅದು ಕರಗಿದ ಮೇಲೆ ಮನಸ್ಸು ಓಡೆಂದರೂ ಕಾಲು ಓಡದು. ಪಾಠವನ್ನು ವರ್ಷಗಟ್ಟಲೆ ಕಲಿಸಿದ್ದೆ, ಕಣ್ಣೆದುರಿನ ಹುಡುಗರಲ್ಲಿ ಅದನ್ನು ಕಂಡಿರಲಿಲ್ಲ.

ಮರುವರ್ಷ ಪಂದ್ಯದ ದಿನ ಮಧ್ಯಾಹ್ನ ಒಂದೂವರೆಗೆ ರೊಟ್ಟಿ, ನಡುವಿನ ವಿರಾಮದಲ್ಲಿ ಬೆಲ್ಲ-ನೀರು ಎಂದು ನಿಯಮ ಮಾಡಿದೆವು. ಆಡಿದ್ದು 6 ಪಂದ್ಯ. ಗೆದ್ದದ್ದು 2, ಸಮ 2, ಸೋತದ್ದು 2. ಇದ್ದದ್ದನ್ನು ಇದ್ದ ಹಾಗೆ ಓದಿದೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆ ಹುಡುಗ ಹತ್ತನೆಯ ತರಗತಿಗೆ ಬಂದ. ಅರ್ಧವಾರ್ಷಿಕದಲ್ಲಿ ಅಂಕ ಕಡಿಮೆಯಾದವು. ತಂದೆ ಅಂಕಪಟ್ಟಿ ಹಿಡಿದು ನನ್ನ ಮನೆಗೆ ಬಂದರು. "ಏನ್ ಮಾಡೂಣ್ರಿ ಸರ?" ನಾನು ಹಲಗೆ ತರಲಿಲ್ಲ, ಲೆಕ್ಕ ಹಾಕಲಿಲ್ಲ. ಯಾವ ವಿಷಯ, ಯಾವ ಪಾಠ ಎಂದೂ ಕೇಳಲಿಲ್ಲ. "ಆಟ ಬಿಡಿಸ್ರಿ" ಎಂದುಬಿಟ್ಟೆ. ಅವನು ಬಿಟ್ಟ. ಅಂಕಗಳು ಮೊದಲಿನಷ್ಟೇ ಬಂದವು. ಅವನಿಲ್ಲದ ತಂಡವೂ ಎರಡು ವರ್ಷದಲ್ಲಿ ಕರಗಿತು.

ಈಗ ಅವನು ನಲವತ್ತರ ಆಸುಪಾಸಿನವ. ಬೆಂಗಳೂರಿನಲ್ಲಿ ನೌಕರಿ, ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಪಂದ್ಯವಿದ್ದರೆ ತಪ್ಪದೆ ಹಾಜರು. ಅವನ ಫೋನಿನಿಂದಾಗಿ ನನಗೂ ಆ ಕ್ಲಬ್ಬಿನ ಜಾತಕ ಬಾಯಿಪಾಠವಾಗಿದೆ. 2013ರಲ್ಲಿ ಹುಟ್ಟಿದ ಕ್ಲಬ್ಬು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ಬಾಯಿತು. 2019ರಲ್ಲಿ ಐಎಸ್‌ಎಲ್ ಕಿರೀಟವೂ ಬಂತು. ಆಮೇಲೆ 2023-24ರಲ್ಲಿ 12 ತಂಡಗಳಲ್ಲಿ 10ನೆಯ ಸ್ಥಾನ. 22 ಪಂದ್ಯಗಳಲ್ಲಿ ಗೆದ್ದದ್ದು ಬರೀ 5.

ಇಂಥ ವರ್ಷದ ಕೊನೆಗೆ ಒಂದು ಕ್ಲಬ್ಬಿನ ಮುಖಂಡರು ಏನು ಮಾಡುತ್ತಾರೆ? ಒಳಗೆ ಕುಳಿತು ಏನು ಮಾತಾಡಿದರೋ ನಾನು ಕೇಳಿಲ್ಲ. ಆದರೆ ಮಾಡಿದ್ದು ಕಣ್ಣಿಗೆ ಕಾಣುತ್ತದೆ. ಎಲ್ಲವನ್ನೂ ಕಿತ್ತೆಸೆಯಲಿಲ್ಲ. ಋತುವಿನ ನಡುವೆ ಬಂದಿದ್ದ ತರಬೇತುದಾರ ಜೆರಾರ್ಡ್ ಜರಗೋಜಾ ಅವರನ್ನು ಉಳಿಸಿಕೊಂಡರು. 2019ರ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದು, ಆಮೇಲೆ ಬೇರೆ ಕ್ಲಬ್ಬಿಗೆ ಹೋಗಿದ್ದ ರಾಹುಲ್ ಭೇಕೆಯನ್ನು ಮರಳಿ ಕರೆತಂದರು. ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹುಡುಗರಿಗೆ ಜಾಗ ಕೊಟ್ಟರು. 2024ರ ಸೆಪ್ಟೆಂಬರ್ 14ರಂದು ಈಸ್ಟ್ ಬೆಂಗಾಲ್ ವಿರುದ್ಧ ಪಂದ್ಯದ ಏಕೈಕ ಗೋಲು ಹೊಡೆದವನು ಅಂಥವರಲ್ಲೊಬ್ಬ, 19ರ ವಿನೀತ್ ವೆಂಕಟೇಶ್. 40 ವರ್ಷದ ಸುನಿಲ್ ಛೆಟ್ರಿ ಆ ವರ್ಷ 14 ಗೋಲು ಹೊಡೆದರು. 10ನೆಯ ಸ್ಥಾನದಿಂದ 3ಕ್ಕೆ ಏರಿ ಫೈನಲ್ ತಲುಪಿದರು. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 1-2ರಿಂದ ಸೋತರು. ಆ ಸೋಲಿಗೆ ನಮ್ಮ ಹುಡುಗ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲವಂತೆ.

ಕಠಿಣ ಪರೀಕ್ಷೆ ಅದರ ನಂತರ ಬಂತು. ಫೆಡರೇಷನ್ನಿಗೂ ಲೀಗ್ ನಡೆಸುವ ಸಂಸ್ಥೆಗೂ ಇದ್ದ ಒಪ್ಪಂದದ ಅವಧಿ ಮುಗಿಯುತ್ತ ಬಂದು, ಸೆಪ್ಟೆಂಬರ್ ಹೊತ್ತಿಗೆ ಶುರುವಾಗಬೇಕಿದ್ದ ಲೀಗ್ ನಿಂತಿತು. ಅದು ಮೈದಾನಕ್ಕಿಳಿದದ್ದು 2026ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ, 2025ರ ಆಗಸ್ಟ್‌ನಲ್ಲಿ, ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ವೇತನವನ್ನು ತಡೆಹಿಡಿಯಿತು. ಪಗಾರ ನಿಂತ ಮನೆಗಳ ಕಷ್ಟ ಸಣ್ಣದಲ್ಲ, ಅದನ್ನು ನಾನು ಹೊಗಳುತ್ತಿಲ್ಲ. ಆದರೆ ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತಿತ್ತು: ಕಿರಿಯರ ತಂಡಗಳಿಗೆ, ಮಕ್ಕಳ ತರಬೇತಿ ಶಾಲೆಗಳಿಗೆ ಇದರಿಂದ ಯಾವ ತೊಂದರೆಯೂ ಇಲ್ಲ.

ಅಂದು ಅವನ ಫೋನು ಬಂತು. "ದೊಡ್ಡವರ ಪಗಾರ ನಿಲ್ಲಿಸ್ಯಾರ ಸರ, ಸಣ್ಣ ಹುಡುಗರ ಆಟ ನಿಲ್ಲಿಸಿಲ್ಲ ನೋಡ್ರಿ." ಅವನು ಏನನ್ನೂ ನೆನಪಿಸಲಿಲ್ಲ. ನನಗೇ ನೆನಪಾಯಿತು. "ನಿನ್ನ ಆಟ ನಾನು ನಿಲ್ಲಿಸಿದೆನಲ್ಲೋ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಆ ವರ್ಷ ಪುಸ್ತಕದ ಮುಂದ ಕುಂತಿದ್ನಿ ಸರ, ಓದಿರಲಿಲ್ಲ. ಕಿಟಕ್ಯಾಗಿಂದ ಮೈದಾನ ನೋಡ್ತಿದ್ನಿ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಬರಗಾಲ ನಮ್ಮ ಭಾಗಕ್ಕೆ ಹೊಸದಲ್ಲ. ಎಂಥ ಬರದಲ್ಲೂ ನಮ್ಮ ಹಿರಿಯರು ಬಿತ್ತನೆಯ ಜೋಳದ ಚೀಲಕ್ಕೆ ಕೈ ಹಾಕುತ್ತಿರಲಿಲ್ಲ. ಒಂದು ಹೊತ್ತಿನ ಊಟ ಬಿಟ್ಟಾರು, ಬೀಜ ತಿನ್ನಲಾರರು.

ಮೊನ್ನೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಬಂದಿದ್ದರು. ಗಣಿತದಲ್ಲಿ 31 ಅಂಕ. "ಖೋಖೋ ಬಿಡಿಸ್ತೀನ್ರಿ ಸರ" ಎಂದರು. ನಾನು ಮಗಳನ್ನೂ ಕೂಡಿಸಿಕೊಂಡು ಕಾಗದದ ಮೇಲೆ ಮೂರು ಖಾನೆ ಎಳೆದೆ. ಏನಾಯಿತು? ಯಾಕಾಯಿತು? ಯಾವುದನ್ನು ಮುಟ್ಟಬಾರದು? ಉತ್ತರಪತ್ರಿಕೆ ತಿರುವಿದರೆ ಹೋದ ಅಂಕಗಳೆಲ್ಲ ಹೆಚ್ಚುಕಡಿಮೆ ರೇಖಾಗಣಿತದವು. ಆ ಪಾಠ ನಡೆದ ಹದಿನೈದು ದಿನ ಅಕ್ಕನ ಮದುವೆಗೆಂದು ಅವಳು ಶಾಲೆಗೇ ಬಂದಿರಲಿಲ್ಲ! ಆ ಪಾಠವನ್ನು ನಾನೇ ಮತ್ತೆ ಹೇಳಿಕೊಡುತ್ತೇನೆ ಎಂದೆ.

ಮೂರನೆಯ ಖಾನೆಯಲ್ಲಿ ಏನು ಬರೆಯಬೇಕೆಂದು ಅವಳನ್ನೇ ಕೇಳಿದೆ. ತಂದೆಯ ಮುಖ ನೋಡಿದಳು. ಅವರು ತಲೆಯಾಡಿಸಿದರು. "ಖೋಖೋ" ಎಂದು ದುಂಡಗೆ ಬರೆದಳು.