ಸೂಜಿ ಚುಚ್ಚಬೇಡಿ, ಜೆಟ್ ಬದಲಿಸಿ

ಕಾರಿನ ಮುಂಗಾಜಿಗೆ ನೀರು ಚಿಮ್ಮಿಸುವ ಹಳೆಯ ಜೆಟ್ ಕಿತ್ತು, ಅದೇ ತೂತಿನಲ್ಲಿ ಫ್ಯಾನ್ ಜೆಟ್ ಕೂರಿಸಿ ಮೊದಲ ಸಲ ಲಿವರ್ ಎಳೆದಾಗ ಕಾಣುವ ನೋಟದಲ್ಲಿ ಅಪ್ಪಟ ಸುಖವಿದೆ. ಅಲ್ಲಿಯವರೆಗೆ ಎರಡು ಸಣ್ಣ ಗೆರೆಗಳಾಗಿ ಬಂದು ಬೀಳುತ್ತಿದ್ದ ನೀರು ಈಗ ಗಾಜಿನ ಅಗಲಕ್ಕೂ ಒಮ್ಮೆಲೇ ಹರಡುತ್ತದೆ. ವೈಪರ್ ಏಳುವ ಹೊತ್ತಿಗೆ ಅದರ ದಾರಿಯೆಲ್ಲ ಒದ್ದೆಯಾಗಿರುತ್ತದೆ. ತಗಲುವ ಖರ್ಚು ಕೆಲವು ನೂರು ರೂಪಾಯಿ, ಬೇಕಾಗುವ ಹತ್ಯಾರ ಒಂದು ಸ್ಕ್ರೂಡ್ರೈವರ್. ಅಲಾಯ್ ಚಕ್ರಕ್ಕೆ, ಸ್ಪೀಕರಿಗೆ ಸಾವಿರಗಟ್ಟಲೆ ಸುರಿಯುವವರು ಈ ಬೆರಳುಗುರಿನಷ್ಟು ಪ್ಲಾಸ್ಟಿಕ್ ತುಂಡಿನ ಕಡೆ ತಿರುಗಿಯೂ ನೋಡದಿರುವುದು ನನಗೆ ನಿಜವಾದ ಬೇಸರ. ಕೊಪ್ಪಳ ಜಿಲ್ಲೆಯ ರಸ್ತೆಗಳಲ್ಲಿ ಓಡುವ ಕಾರಿಗೆ ಮಾಡಬಹುದಾದ ಸುಧಾರಣೆಗಳಲ್ಲಿ ಮೊದಲ ಸ್ಥಾನ ಇದಕ್ಕೇ ಸಲ್ಲಬೇಕು.

ಹೀಗೆನ್ನಲು ಕಾರಣ ನಮ್ಮ ಧೂಳು. ಕರಾವಳಿಯ ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿ ಗಾಜು ತೊಳೆಯುವ ಕೆಲಸದಲ್ಲಿ ದೊಡ್ಡ ಪಾಲು ಮುಗಿಲಿನದೇ. ಅದೇ ಹೆಸರಿನ, ಯಲಬುರ್ಗಾ ಸೀಮೆಯ ನಮ್ಮ ಮಂಗಳೂರಿಗೆ ಬರುವುದು 600ರ ಆಸುಪಾಸು, ಅದೂ ಕೆಲವೇ ತಿಂಗಳಲ್ಲಿ. ಉಳಿದ ದಿನಗಳಲ್ಲಿ ಎರೆಹೊಲದ ಕರಿಧೂಳು, ಮಸಾರಿ ನೆಲದ ಕೆಂಧೂಳು, ಗಿಣಿಗೇರಾ ಸುತ್ತಿನ ಕಾರ್ಖಾನೆಗಳ ಕಪ್ಪು ಪುಡಿ, ಕುಷ್ಟಗಿಯಿಂದ ಇಳಕಲ್ಲಿನವರೆಗಿನ ಗ್ರಾನೈಟ್ ಕ್ವಾರಿಗಳ ಹಿಟ್ಟು ಎಲ್ಲವೂ ಗಾಜಿನ ಮೇಲೆ ಪದರ ಕಟ್ಟುತ್ತವೆ. ಇವುಗಳಲ್ಲಿ ಕ್ವಾರಿಯ ಹಿಟ್ಟಿನ ಮೇಲೆ ವಿಶೇಷ ಕಣ್ಣಿಡಬೇಕು. ಗ್ರಾನೈಟಿನಲ್ಲಿರುವ ಬೆಣಚುಕಲ್ಲಿನ ಗಡಸುತನ ಮೋಸ್ ಮಾಪಕದಲ್ಲಿ 7. ಗಾಜಿನದು 6ರ ಒಳಗೆ. ಗಾಜಿಗಿಂತ ಗಡಸಾದ ಪುಡಿಯನ್ನು ಒಣ ರಬ್ಬರಿನಡಿ ಸಿಕ್ಕಿಸಿ ಎಡಕ್ಕೂ ಬಲಕ್ಕೂ ಎಳೆದಾಡಿದರೆ ಗೀರು ಬೀಳದೆ ಇರಲು ಸಾಧ್ಯವೇ? ಹಗಲಲ್ಲಿ ಆ ಗೀರು ಕಾಣುವುದಿಲ್ಲ. ಸಂಜೆ ಕೊಪ್ಪಳದಿಂದ ಗದಗಿನ ಕಡೆ ಹೊರಟು ಮುಳುಗುವ ಸೂರ್ಯ ಎದುರಾದಾಗ, ರಾತ್ರಿ ಲಾರಿಯ ದೀಪ ಮುಖಕ್ಕೆ ಹೊಡೆದಾಗ, ಒಂದೊಂದು ಗೀರೂ ಹೊತ್ತಿಕೊಳ್ಳುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಅಷ್ಟು ದೂರ ಕುರುಡಾಗಿ ಹೋಗುವುದು ಸಣ್ಣ ಮಾತಲ್ಲ. ಆದ್ದರಿಂದ ವೈಪರ್ ಮುಟ್ಟುವ ಮೊದಲೇ ಅದು ಹಾಯುವ ಜಾಗವೆಲ್ಲ ನೆನೆಯಬೇಕು. ಎರಡು ಗೆರೆಯ ಜೆಟ್ಟಿನಿಂದ ಅದು ಆಗುವುದಿಲ್ಲ. ನೀರು ಬಿದ್ದಲ್ಲಿ ರಾಡಿ, ಬೀಳದಲ್ಲಿ ಒಣ ಪುಡಿ. ರಬ್ಬರು ಎರಡನ್ನೂ ಸೇರಿಸಿ ಗಾಜಿಗೆ ಬಳಿಯುತ್ತದೆ.

ಇಷ್ಟನ್ನು ಒಪ್ಪಿಕೊಂಡವರೂ ಮುಂದೆ ಮಾಡುವ ಕೆಲಸ ನೋಡಿದರೆ ಸಿಟ್ಟು ಬರುತ್ತದೆ. ನೀರು ಸರಿಯಾಗಿ ಬರುತ್ತಿಲ್ಲ ಎಂದ ಕೂಡಲೇ ಗ್ಯಾರೇಜಿನಲ್ಲಿ ಸೂಜಿ ಹೊರಬರುತ್ತದೆ. ತೂತು ದೊಡ್ಡದು ಮಾಡಿದರೆ ನೀರು ಜೋರಾಗಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರುಬಿಟ್ಟಿದೆಯೆಂದರೆ, ಅದು ತಪ್ಪೆಂದು ಹೇಳಿದವನೇ ದಡ್ಡನಾಗುತ್ತಾನೆ. ಲೆಕ್ಕ ಹಾಕಿ ನೋಡಿ. 0.8 ಮಿಲಿಮೀಟರಿನ ತೂತನ್ನು 1 ಮಿಲಿಮೀಟರಿಗೆ ಹಿಗ್ಗಿಸಿದರೆ ವ್ಯಾಸ ಹೆಚ್ಚಿದ್ದು ಕಾಲುಪಾಲು ಮಾತ್ರ, ಆದರೆ ಬಾಯಿಯ ವಿಸ್ತೀರ್ಣ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಕೆಳಗಿರುವ ಪುಟ್ಟ ಪಂಪು ಮಾತ್ರ ಹಳೆಯದೇ. ಅದು ಅಷ್ಟೂ ಬಾಯಿಗೆ ಒತ್ತಡ ಕೊಡಲಾರದೆ ಸೋಲುತ್ತದೆ, ನೀರಿನ ವೇಗ ಇಳಿಯುತ್ತದೆ, ಧಾರೆ ಗಾಜಿನ ನಡುವಿಗೆ ಮುಟ್ಟದೆ ಬುಡದಲ್ಲೇ ಬೀಳುತ್ತದೆ. ಇಷ್ಟಕ್ಕೇ ಮುಗಿಯುವುದಿಲ್ಲ. ಎರಡೂ ಜೆಟ್‌ಗಳಿಗೆ ಪೈಪು ಒಂದೇ, ನಡುವೆ ಕವಲು. ಒಂದರ ಬಾಯಿ ಹಿಗ್ಗಿದರೆ ಅದು ಇನ್ನೊಂದರ ಪಾಲನ್ನೂ ಕಿತ್ತುಕೊಳ್ಳುತ್ತದೆ. ಆಗ ಆ ಇನ್ನೊಂದಕ್ಕೂ ಸೂಜಿ! ಪುಟ್ಟ ಗುಂಡಿನಲ್ಲಿ ತೂತಿರುವ ಹಳೆಯ ಜೆಟ್ಟಿನಲ್ಲಿ ಸೂಜಿಗೆ ಒಂದೇ ಒಂದು ನ್ಯಾಯವಾದ ಕೆಲಸವಿದೆ. ತೂತಿನಲ್ಲಿ ಮೆಲ್ಲಗೆ ತೂರಿಸಿ, ಗುಂಡನ್ನು ಬೇಕಾದ ದಿಕ್ಕಿಗೆ ತಿರುಗಿಸುವುದು. ಕಾರು ನಿಂತಿದ್ದಾಗ ಧಾರೆ ಗಾಜಿನ ನಡುಮಟ್ಟಕ್ಕಿಂತ ತುಸು ಮೇಲೆ ಬೀಳುವಂತಿರಬೇಕು. ಓಟದಲ್ಲಿ ಎದುರುಗಾಳಿ ಅದನ್ನು ಕೆಳಗೆ ಒತ್ತುತ್ತದೆ. ಈ ಒಂದು ಕೆಲಸ ಬಿಟ್ಟು ಸೂಜಿ ಮಾಡುವುದೆಲ್ಲ ಹಾಳುಗೆಲಸ. ಫ್ಯಾನ್ ಜೆಟ್ಟಿಗಂತೂ ಸೂಜಿ ತಾಗಿಸಲೇಬಾರದು. ಅದರೊಳಗಿನ ದಾರಿಗಳ ಅಂಚು ಒಮ್ಮೆ ಕೆಟ್ಟರೆ ಅದು ಮತ್ತೆ ಸರಿಯಾಗುವುದಿಲ್ಲ.

ಆ ಒಳದಾರಿಗಳ ಕಥೆಯೇ ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿರುವುದು. ನೀರು ಬೀಸಣಿಗೆಯಾಕಾರದಲ್ಲಿ ಬರುವುದನ್ನು ಕಂಡವರು ಒಳಗೆ ಏನೋ ತಿರುಗುತ್ತಿದೆ ಎಂದುಕೊಳ್ಳುತ್ತಾರೆ. ಒಳಗೆ ಅಲುಗಾಡುವ ಒಂದು ಭಾಗವೂ ಇಲ್ಲ. ನಲ್ಲಿಯ ಧಾರೆಗೆ ಚಮಚದ ಬೆನ್ನು ತಾಗಿಸಿದರೆ ನೀರು ಅದಕ್ಕೆ ಅಂಟಿಕೊಂಡು ಬಾಗುವುದನ್ನು ಎಲ್ಲರೂ ನೋಡಿದ್ದಾರೆ. ಹರಿಯುವ ದ್ರವಕ್ಕೆ ಪಕ್ಕದ ಗೋಡೆಗೆ ಅಂಟುವ ಈ ಚಪಲ ಇರುವುದರಿಂದ, ಜೆಟ್ಟಿನ ಪುಟ್ಟ ಕೋಣೆಗೆ ನುಗ್ಗಿದ ಧಾರೆ ಮೊದಲು ಒಂದು ಗೋಡೆ ಹಿಡಿಯುತ್ತದೆ. ಅಲ್ಲಿಂದ ಸ್ವಲ್ಪ ನೀರು ಪಕ್ಕದ ಕಾಲುವೆಯಲ್ಲಿ ಹಿಂದಕ್ಕೆ ಬಂದು, ಬುಡದಲ್ಲಿ ಅದೇ ಧಾರೆಯನ್ನು ಆಚೆ ಗೋಡೆಗೆ ತಳ್ಳುತ್ತದೆ. ಆಚೆಯಿಂದಲೂ ಹಾಗೆಯೇ. ಹೀಗೆ ನೀರು ತನ್ನನ್ನು ತಾನೇ ಅತ್ತಿತ್ತ ದೂಡಿಕೊಳ್ಳುತ್ತ, ಕಣ್ಣಿಗೆ ನಿಲುಕದ ವೇಗದಲ್ಲಿ ಗಾಜನ್ನು ಗುಡಿಸುತ್ತದೆ. ಇದು ಹುಟ್ಟಿದ್ದು ಕಾರಿಗಾಗಿ ಅಲ್ಲ. ಮುಂದೆ ಹ್ಯಾರಿ ಡೈಮಂಡ್ ಹೆಸರು ಹೊತ್ತ ಅಮೆರಿಕದ ಸೈನ್ಯದ ಪ್ರಯೋಗಾಲಯದಲ್ಲಿ ರೊಮಾಲ್ಡ್ ಬೌಲ್ಸ್ ಮತ್ತು ಸಂಗಡಿಗರು ವಿದ್ಯುತ್ತಿಲ್ಲದೆ, ಬರೀ ಗಾಳಿ ಅಥವಾ ದ್ರವದ ಹರಿವಿನಿಂದ ಯಂತ್ರಗಳನ್ನು ನಿಯಂತ್ರಿಸುವ ವಿದ್ಯೆ ಕಟ್ಟಿದರು. 1960ರಲ್ಲಿ ಅದು ಜಗತ್ತಿಗೆ ಗೊತ್ತಾಯಿತು. ಎಲೆಕ್ಟ್ರಾನಿಕ್ಸ್ ಮುಂದೆ ಅದು ಹೆಚ್ಚು ಕಡೆ ಸೋತಿತು. ಗೆದ್ದ ಕಡೆಗಳಲ್ಲೊಂದು ನಮ್ಮ ಬಾನೆಟ್ಟಿನ ಮೇಲಿನ ಈ ಚೂರು. 1903ರಲ್ಲಿ ವೈಪರಿಗೆ ಪೇಟೆಂಟ್ ಪಡೆದ ಮೇರಿ ಆಂಡರ್ಸನ್ ಹೆಸರು ಎಷ್ಟೋ ಮಂದಿಗೆ ಗೊತ್ತು. ಆ ವೈಪರಿಗೆ ನೀರು ಒದಗಿಸುವ ಇಷ್ಟು ಚೆಂದದ ಬುದ್ಧಿಯನ್ನು ಯಾರೂ ಕೊಂಡಾಡುವುದಿಲ್ಲ.

ಫ್ಯಾನ್ ಜೆಟ್ಟಿನ ನೀರನ್ನು ಹೆದ್ದಾರಿಯ ಗಾಳಿ ಹಾರಿಸಿಕೊಂಡು ಹೋಗುತ್ತದೆ ಎಂಬ ಆಕ್ಷೇಪ ಇದೆ. ಅದರಲ್ಲಿ ಅರ್ಧ ನಿಜವಿದೆ. ಅಂಗಡಿಯಲ್ಲಿ ಅದೇ ಹೆಸರಿನಿಂದ ಮಾರುವ ಕೆಲವು ಜೆಟ್‌ಗಳಲ್ಲಿ ಬರೀ ಒಂದು ಸೀಳು ಇರುತ್ತದೆ. ಅವು ಮಂಜು ಉಗುಳುತ್ತವೆ, ಆ ಮಂಜು ಗಾಳಿಯ ಪಾಲು. ಅತ್ತಿತ್ತ ಬೀಸುವ ಜೆಟ್ಟಿನ ಹನಿ ದಪ್ಪ, ಅದು ಗಾಜು ಮುಟ್ಟುತ್ತದೆ. ಕೊಳ್ಳುವ ಮುನ್ನ ಸಿರಿಂಜಿಗೆ ಸಿಕ್ಕಿಸಿ ನೀರು ಒತ್ತಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ತಮ್ಮ ಕಾರಿಗೆ ಅದು ಕೂರುವುದಿಲ್ಲ ಎನ್ನುವವರು ತೂತಿನ ಅಳತೆ ತೆಗೆದುಕೊಂಡು ಗುಜರಿ ಅಂಗಡಿಗೆ ಹೋಗಲಿ, ಬೇರೆ ಕಂಪನಿಯದು ಸಿಕ್ಕೀತು. ಲಿವರ್ ಎಳೆದ ಮೇಲೆ ತಡವಾಗಿ ನೀರು ಬರುತ್ತದೆ ಎಂಬ ದೂರಿಗೆ ಜೆಟ್ ಹೊಣೆಯಲ್ಲ. ಪೈಪಿನ ನೀರು ಟಾಕಿಗೆ ವಾಪಸು ಇಳಿದಿರುತ್ತದೆ. ಮೀನಿನ ತೊಟ್ಟಿಯ ಗಾಳಿಪಂಪಿಗೆ ಹಾಕುವ ಒನ್‌ವೇ ವಾಲ್ವನ್ನು ಪೈಪಿನ ನಡುವೆ ದಿಕ್ಕು ನೋಡಿ ಸೇರಿಸಿದರೆ ಸಾಕು.

ನೀರಿನ ವಿಷಯದಲ್ಲಿ ಮಾತ್ರ ನಾನು ಯಾವ ಆಕ್ಷೇಪವನ್ನೂ ಕೇಳಲಾರೆ. ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಗೊತ್ತಿದ್ದೂ ಅದನ್ನೇ ಟಾಕಿಗೆ ಸುರಿದು, ಮೇಲೆ ಒಂದು ಹಿಡಿ ಬಟ್ಟೆ ಸೋಪಿನ ಪುಡಿ ಉದುರಿಸುವುದು ಜೆಟ್ಟನ್ನು ಕೈಯಾರೆ ಕೊಂದಂತೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 600. ಗಡಸು ನೀರಿನ ಸುಣ್ಣದಂಶ ಬಾನೆಟ್ಟಿನ ಬಿಸಿಗೆ ಒಣಗಿ ತೂತಿನಲ್ಲೇ ಗಟ್ಟಿಯಾಗುತ್ತದೆ, ಸೋಪಿನ ಪುಡಿಯ ಉಪ್ಪು ಗಾಜಿನ ಮೇಲೆ ಬಿಳಿ ಪೊರೆ ಬಿಡುತ್ತದೆ. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿರುವಾಗ, ನಾಣ್ಯ ಹಾಕಿದರೆ ಕ್ಯಾನ್ ತುಂಬುವಾಗ, ತಿಂಗಳಿಗೆ ಬೇಕಾಗುವ ಎರಡು ಮೂರು ಲೀಟರಿಗೆ ಏಕಿಷ್ಟು ಜಿಪುಣತನ? ಈಗಾಗಲೇ ಕಟ್ಟಿಕೊಂಡಿದ್ದರೆ ಜೆಟ್ ಬಿಚ್ಚಿ ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹಿಂದಿನಿಂದ ಸಿರಿಂಜಿನಲ್ಲಿ ನೀರು ಒತ್ತಿ. ಸುಣ್ಣ ಕರಗಿ ಹೊರಬರುತ್ತದೆ.

ಗಂಗಾವತಿ, ಕಾರಟಗಿಯ ಗದ್ದೆಬಯಲಿನಲ್ಲಿ ಮಾತ್ರ ಈ ಜೆಟ್ಟಿಗೂ ಸ್ವಲ್ಪ ಸಮಯ ಕೊಡಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಕೊಯ್ಲಿಗೆ ಬರುವ ದಿನಗಳಲ್ಲಿ ಕಂದು ಜಿಗಿಹುಳುಗಳು ದೀಪಕ್ಕೆ ಮುಗಿಬಿದ್ದು ಗಾಜಿಗೆ ಅಪ್ಪಳಿಸುತ್ತವೆ. ಆ ಅಂಟು ನೆನೆದ ಹೊರತು ಬಿಡುವುದಿಲ್ಲ, ನೆನೆಯುವ ಮೊದಲೇ ವೈಪರ್ ಹಾಯ್ದರೆ ಗಾಜೆಲ್ಲ ಜಿಡ್ಡು. ಕಾರು ಮಾಡುವವರೋ, ನೀರಿಗೂ ವೈಪರಿಗೂ ಒಂದೇ ಲಿವರ್ ಕಟ್ಟಿ ಕೂತಿದ್ದಾರೆ. ನೀರು ಬಂದ ಬೆನ್ನಿಗೇ ರಬ್ಬರು ಏಳುತ್ತದೆ. ಹಲವು ಕಾರುಗಳಲ್ಲಿ ಲಿವರನ್ನು ಅರೆಕ್ಷಣ ಎಳೆದು ಬಿಟ್ಟರೆ ನೀರಷ್ಟೇ ಬರುತ್ತದೆ. ರಸ್ತೆ ಖಾಲಿಯಿರುವಾಗ ವೇಗ ಇಳಿಸಿ, ಹಾಗೆ ಎರಡು ಸಲ ಎಳೆದು ನೆನೆಯಲು ಬಿಟ್ಟು, ಮೂರನೆಯ ಸಲ ಪೂರ್ತಿ ಎಳೆಯಿರಿ.