ಮಗಳ ಮೋಟಾರ್‌ಸೈಕಲ್ಲೂ ಸೈತಾನನ ಸೇತುವೆಯೂ

ಭಾನುವಾರ ಎಂದರೆ ನಮ್ಮ ಮನೆಗಳಲ್ಲಿ ಎಣ್ಣೆಸ್ನಾನ, ಸ್ವಲ್ಪ ತಡವಾದ ತಿಂಡಿ, ಮಧ್ಯಾಹ್ನ ಹಪ್ಪಳ ಕರಿದ ಊಟ, ಆಮೇಲೆ ಒಂದು ಸಣ್ಣ ನಿದ್ದೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಭಾನುವಾರಕ್ಕೆ ಬೇರೊಂದು ಪದ್ಧತಿಯಿದೆ. ಮಳೆ ಬಿಡುವು ಕೊಟ್ಟ ದಿನ ಅಲ್ಲಿಯ ಎಷ್ಟೋ ಜನ ಮೋಟಾರ್‌ಸೈಕಲ್ ಒರೆಸಿಕೊಂಡು, ತೊಗಲಿನ ಅಂಗಿ ತೊಟ್ಟು, ಬೆಟ್ಟಗುಡ್ಡಗಳ ದಾರಿ ಹಿಡಿಯುತ್ತಾರೆ. ಯಾವ ಕೆಲಸಕ್ಕೆ ಅಂತೀರಾ? ಯಾವ ಕೆಲಸಕ್ಕೂ ಅಲ್ಲ. ಒಂದು ಹಳೇ ಸೇತುವೆಯ ಪಕ್ಕವೋ, ಘಾಟಿಯ ನೆತ್ತಿಯಲ್ಲೋ ಸೇರುತ್ತಾರೆ; ಟೀ ಕುಡಿಯುತ್ತಾರೆ; ಒಬ್ಬರ ಗಾಡಿಯನ್ನು ಇನ್ನೊಬ್ಬರು ಸುತ್ತು ಹಾಕಿ ನೋಡುತ್ತಾರೆ; ಕತ್ತಲಾಗುವ ಮುಂಚೆ ಮನೆಗೆ ಹೊರಡುತ್ತಾರೆ. ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ, ಆದರೂ ಸಂತೆ!

ಅರಸೀಕೆರೆಯಲ್ಲಿ ಕೂತ ಗೃಹಿಣಿಗೆ ಇದೆಲ್ಲ ಹೇಗೆ ಗೊತ್ತು ಎಂದು ನೀವು ಕೇಳುವುದು ನ್ಯಾಯವೇ. ನನ್ನ ಮಗಳೂ ಅಳಿಯಂದಿರೂ ಲ್ಯಾಂಕಾಸ್ಟರ್ ಎಂಬ ಊರಿನಲ್ಲಿದ್ದಾರೆ. ಮಗಳಿಗೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ. ಬೇಸಿಗೆಯಲ್ಲಿ ಮೂರು ತಿಂಗಳು ಇದ್ದು ಬರೋಣವೆಂದು ಹೋಗಿದ್ದೆ. ಹೋದ ಎರಡನೇ ದಿನ ತಿಳಿಯಿತು, ಮನೆಯ ಮುಂದೆ ಹೊದಿಕೆ ಹೊದ್ದು ನಿಂತಿದ್ದ ಮೋಟಾರ್‌ಸೈಕಲ್ ಅಳಿಯಂದಿರದಲ್ಲ, ಅವಳದು ಎಂದು.

ಸುದ್ದಿ ಊರಿಗೆ ಮುಟ್ಟಲು ಎಷ್ಟು ಹೊತ್ತು? ನಾದಿನಿಯ ಫೋನ್ ಬಂತು. "ಅತ್ತಿಗೆ, ನೀವಾದ್ರೂ ಬುದ್ಧಿ ಹೇಳ್ಬಾರ್ದಾ? ಮಗು ಮರಿ ಆಗೋ ವಯಸ್ಸಲ್ಲಿ ಇದೇನು ಹುಡುಗಾಟ?" ನಾನು ಹೂಂ ಎಂದೆ. ನನ್ನ ಸಂಕಟ ಹುಡುಗಾಟದ್ದಲ್ಲ. 1984ರಲ್ಲಿ ನನ್ನ ತಮ್ಮ ಹಾಸನದಿಂದ ಮೋಟಾರ್‌ಸೈಕಲ್ಲಿನಲ್ಲಿ ರಾತ್ರಿ ಬರುತ್ತಿದ್ದವನು, ದೀಪವಿಲ್ಲದೆ ರಸ್ತೆ ಬದಿ ನಿಂತಿದ್ದ ಲಾರಿಗೆ ಹೊಡೆದು ಹೋಗಿಬಿಟ್ಟ. ನಮ್ಮಮ್ಮ ಅನ್ನದ ಮೇಲೆ ತಟ್ಟೆ ಮುಚ್ಚಿಟ್ಟು ಬೆಳಗಿನ ಜಾವದವರೆಗೆ ಬಾಗಿಲಲ್ಲಿ ಕೂತಿದ್ದಳು. ಎಷ್ಟು ಹೊತ್ತಿಗೆ ಹೊರಟ, ಎಲ್ಲಿಯವರೆಗೆ ಬಂದಿದ್ದ, ಯಾರಿಗೂ ಗೊತ್ತಿರಲಿಲ್ಲ. ಆ ಗೊತ್ತಿಲ್ಲದ ರಾತ್ರಿಯೇ ಅವಳನ್ನು ಕಡೆಯವರೆಗೂ ತಿಂದಿತು.

ಮಗಳಿಗೆ ಈ ಕಥೆ ಗೊತ್ತು. ಅವಳು ವಾದ ಮಾಡಲಿಲ್ಲ. "ಅಮ್ಮ, ಬೇಡ ಅನ್ನೋಕೆ ಮುಂಚೆ ನಾವು ಎಲ್ಲಿಗೆ ಹೋಗ್ತೀವಿ ಅಂತ ಒಂದ್ಸಲ ನೋಡು. ನಾನು ಗಾಡೀಲಿ ಬರ್ತೀನಿ. ನೀನೂ ಅವ್ರೂ ಕಾರಲ್ಲಿ ಬನ್ನಿ" ಎಂದಳು. ಸರಿ, ಪುಳಿಯೋಗರೆ ಕಲಸಿದೆ, ಕೋಡುಬಳೆ ಡಬ್ಬಿ ತುಂಬಿಕೊಂಡೆ, ಹೊರಟೆವು.

ಮೊದಲು ಕಂಡದ್ದು ಕರ್ಕ್‌ಬಿ ಲಾನ್ಸ್‌ಡೇಲ್ ಎಂಬ ಪುಟ್ಟ ಪೇಟೆಯ ಹತ್ತಿರ ಲೂನ್ ನದಿಗೆ ಕಟ್ಟಿರುವ ಡೆವಿಲ್ಸ್ ಬ್ರಿಜ್. ಅಂದರೆ ಸೈತಾನನ ಸೇತುವೆ! ಹೆಸರು ಕೇಳಿದೊಡನೆ ನನ್ನ ಎದೆ ಧಸಕ್ಕೆಂದಿತು. ಹೋಗಿ ನೋಡಿದರೆ ಮೂರು ಕಮಾನಿನ, ಸುಮಾರು 1370ರ ಕಾಲದ ಕಲ್ಲಿನ ಸೇತುವೆ, ಬಲು ಲಕ್ಷಣವಾಗಿದೆ. 1932ರಲ್ಲಿ ಪಕ್ಕದಲ್ಲೇ ಹೊಸ ಸೇತುವೆ ಕಟ್ಟಿದ ಮೇಲೆ ಹಳೆಯದರ ಮೇಲೆ ಈಗ ನಡೆಯುವವರು ಮಾತ್ರ. ಭಾನುವಾರ ಅದರ ಪಕ್ಕದ ರಸ್ತೆಯುದ್ದಕ್ಕೂ ಮೋಟಾರ್‌ಸೈಕಲ್ಲುಗಳದೇ ಸಾಲು.

ಅದರ ಐತಿಹ್ಯವನ್ನು ಮಗಳು ಹೇಳಿದಳು. ಒಬ್ಬ ಮುದುಕಿಯ ಹಸು ಹೊಳೆ ದಾಟಿ ಹೋಗಿತ್ತಂತೆ, ಅಷ್ಟರಲ್ಲಿ ಪ್ರವಾಹ. ಸೈತಾನ ಬಂದು, "ಬೆಳಗಾಗುವುದರೊಳಗೆ ಸೇತುವೆ ಕಟ್ಟಿಕೊಡುತ್ತೇನೆ, ಮೊದಲು ದಾಟುವ ಜೀವ ನನಗೆ" ಎಂದನಂತೆ. ಮುದುಕಿ ಒಪ್ಪಿದಳು. ಬೆಳಿಗ್ಗೆ ಬಂದು ಒಂದು ರೊಟ್ಟಿಯನ್ನು ಆಚೆಗೆ ಎಸೆದಳು. ಅವಳ ನಾಯಿ ಅದರ ಹಿಂದೆ ಓಡಿತು. ಸೈತಾನನಿಗೆ ಸಿಕ್ಕಿದ್ದು ಆ ನಾಯಿ ಅಷ್ಟೇ! ನಾನು ನಕ್ಕುಬಿಟ್ಟೆ. ಮುಖ ನೋಡದೆ ಒಪ್ಪಿಕೊಂಡು, ಕೊಡುವಾಗ ಅಳತೆ ನೋಡಿ ಕೊಡುವುದು ಮನೆ ನಡೆಸಿದವಳಿಗೆ ಬಾರದ ವಿದ್ಯೆಯೇ? ನಾಯಿಯದೊಂದೇ ಪಾಪ ಎನಿಸಿತು.

ಅಲ್ಲೊಂದು ತಿಂಡಿಯ ವ್ಯಾನು. ಹಂದಿಮಾಂಸದ ಬ್ರೆಡ್ಡಿಗೆ ದೊಡ್ಡ ಕ್ಯೂ. ನಮ್ಮಂಥ ಶಾಕಾಹಾರಿಗಳಿಗೆ ಟೀ ಉಂಟಲ್ಲ! ಲೋಟ ಹಿಡಿದು ನಿಂತು ಜನರನ್ನು ನೋಡಿದೆ. ತೊಗಲಂಗಿಯ ಮೇಲೆ ಹೆಲ್ಮೆಟ್ ತೆಗೆದಾಗ ಎಷ್ಟೊಂದು ಬಿಳಿಗೂದಲು! ನಮ್ಮ ಊರಿನಲ್ಲಿ ಭಜನೆಗೆ ಬರುವ ವಯಸ್ಸಿನವರು. ಒಬ್ಬ ಅಜ್ಜ ತನ್ನ ಎನ್‌ಫೀಲ್ಡ್ ಗಾಡಿಯನ್ನು ತೋರಿಸಿ, ನಿಮ್ಮ ದೇಶದ್ದೇ ಎಂದ. ಹೌದಲ್ಲ! ಹೆಸರು ಇಂಗ್ಲೆಂಡಿನದು, 1955ರಿಂದ ಮದ್ರಾಸಿನಲ್ಲಿ ತಯಾರಾಗತೊಡಗಿದ್ದು, ಈಗ ಅಲ್ಲಿಂದಲೇ ಅವರಿಗೆ ರವಾನೆ. ನಾನೂ ಬಿಡಲಿಲ್ಲ, ನಮ್ಮ ಯಜಮಾನರ ಹತ್ತಿರ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಇತ್ತು, ಸೀರೆಯುಟ್ಟು ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂರುತ್ತಿದ್ದೆ ಎಂದು ಮಗಳ ಮೂಲಕ ಹೇಳಿಸಿದೆ. ಅವನು ಕಣ್ಣರಳಿಸಿ, ಅದಕ್ಕೆ ಹೆಚ್ಚು ಧೈರ್ಯ ಬೇಕು ಎಂದ!

ಮಗಳ ಗುಂಪಿನಲ್ಲಿ ಒಬ್ಬ ನಿವೃತ್ತ ಶಾಲಾ ಮೇಡಂ, ಮೊಮ್ಮಕ್ಕಳನ್ನು ಕಂಡವರು. ಕೋಡುಬಳೆ ಕಡಿಯುತ್ತ ಯಾವ ಹಿಟ್ಟು ಎಂದು ವಿಚಾರಿಸಿಕೊಂಡರು. ನಾನು ಅವರನ್ನು ಕೇಳಿದ್ದು ಒಂದೇ: "ದಾರೀಲಿ ಯಾರಾದ್ರೂ ಹಿಂದೆ ಉಳಿದ್ರೆ ಹೆಂಗೆ ಗೊತ್ತಾಗುತ್ತೆ?"

ಅವರು ಹೇಳಿದ ಕ್ರಮ ಕೇಳಿ. ಗುಂಪಿಗೆ ಮುಂದಾಳು ಒಬ್ಬರು, ಎದ್ದು ಕಾಣುವ ಅಂಗಿ ತೊಟ್ಟ ಕಡೆಯಾಳು ಒಬ್ಬರು. ದಾರಿ ತಿರುಗುವ ಕಡೆಯೆಲ್ಲ ಮುಂದಾಳಿನ ಹಿಂದಿದ್ದವರು ಪಕ್ಕಕ್ಕೆ ನಿಂತು ಬರುವವರಿಗೆ ದಿಕ್ಕು ತೋರಿಸಬೇಕು. ಕಡೆಯಾಳು ಬರುವವರೆಗೆ ಆ ಜಾಗ ಬಿಟ್ಟು ಕದಲುವಂತಿಲ್ಲ. ಮುಂದಿನ ತಿರುವಿನಲ್ಲಿ ಇನ್ನೊಬ್ಬರು. ಹೀಗಾಗಿ ಯಾರೂ ಮುಂದಿನವರನ್ನು ಅಟ್ಟಿಸಿಕೊಂಡು ಹೋಗಬೇಕಾಗಿಲ್ಲ. ತಮ್ಮ ಶಕ್ತಿಗೆ ತಕ್ಕ ವೇಗದಲ್ಲಿ ಬರಬಹುದು. ಕಡೆಗೆ ಟೀ ಕುಡಿಯುವ ಜಾಗದಲ್ಲಿ ತಲೆ ಎಣಿಸುತ್ತಾರೆ. ಒಂದು ತಲೆ ಕಡಿಮೆಯಾದರೆ ಹುಡುಕಿಕೊಂಡು ಹಿಂದಕ್ಕೆ ಹೋಗುತ್ತಾರೆ. ಜಾತ್ರೆಯಲ್ಲಿ ನಾವು ಮಕ್ಕಳನ್ನು ಎಣಿಸುವುದಿಲ್ಲವೇ, ಹಾಗೆ.

ಆಮೇಲೆ ಇಂಗಲ್‌ಟನ್ ದಾಟಿ ರಿಬಲ್‌ಹೆಡ್‌ಗೆ ಹೋದೆವು. ಅಲ್ಲಿ ಬಯಲಿನ ನಡುವೆ 24 ಕಮಾನಿನ ರೈಲು ಸೇತುವೆ ನಿಂತಿದೆ. 1870ರ ದಶಕದಲ್ಲಿ ಕಟ್ಟಿದ್ದು, ನೆಲದಿಂದ ನೂರು ಅಡಿಗೂ ಎತ್ತರ. ಕಟ್ಟುವಾಗ ನೂರಕ್ಕೂ ಹೆಚ್ಚು ಕೂಲಿಗಳು ಸತ್ತರಂತೆ. ರಸ್ತೆ ಕೂಡುವ ಕಡೆ ಗಾಡಿಗಳನ್ನು ನಿಲ್ಲಿಸಿಕೊಂಡು ಜನ ಅದನ್ನೇ ನೋಡುತ್ತ ಕೂತಿರುತ್ತಾರೆ. ಗಾಳಿಯೋ ಗಾಳಿ, ನನ್ನ ಸೆರಗು ಕೈಗೇ ಸಿಗದು.

ಅಲ್ಲಿಂದ ಹಾಸ್ ಎಂಬ ಪೇಟೆ. ನಮ್ಮ ಹಾಸನದ ಹೆಸರಿನಲ್ಲಿ ಒಂದಕ್ಷರ ಕಮ್ಮಿ! ಗಿಣ್ಣಿಗೆ, ಅಂದರೆ ಅವರ ಚೀಸಿಗೆ, ಹೆಸರಾದ ವೆನ್ಸ್ಲಿಡೇಲ್ ಕಣಿವೆಯ ಊರು. ಅದನ್ನು ಹಣ್ಣಿನ ಕೇಕಿನ ಜೊತೆ ತಿನ್ನುವುದು ಅಲ್ಲಿಯ ರೂಢಿ. ನಾನು ತಿಂದದ್ದು ಫ್ಲಾಪ್‌ಜಾಕ್ ಎಂಬ ಓಟ್ಸಿನ ಮಿಠಾಯಿ. ಮಾಡುವುದು ಸುಲಭ: 125 ಗ್ರಾಂ ಬೆಣ್ಣೆ, ಅಷ್ಟೇ ಕಂದು ಸಕ್ಕರೆ, ಮೂರು ದೊಡ್ಡ ಚಮಚ ಸಕ್ಕರೆಪಾಕ ಕರಗಿಸಿ, 250 ಗ್ರಾಂ ಓಟ್ಸ್ ಕಲಸಿ, ತಟ್ಟೆಯಲ್ಲಿ ಒತ್ತಿ, 180 ಡಿಗ್ರಿಯಲ್ಲಿ 20–25 ನಿಮಿಷ ಒಲೆಯಲ್ಲಿ ಬೇಯಿಸಿದರಾಯಿತು. ಬಿಸಿಯಿರುವಾಗಲೇ ಗೆರೆ ಕೊಯ್ದಿಡಿ. ಸಕ್ಕರೆಪಾಕದ ಬದಲು ಜೋನಿಬೆಲ್ಲ ಹಾಕಿ ನೋಡಿದೆ, ಇನ್ನೂ ಚೆನ್ನ. ಪ್ರಯಾಣಕ್ಕೆ ಕಟ್ಟಿಕೊಡಲು ಒಳ್ಳೆಯದು, ನಾಲ್ಕಾರು ದಿನ ಕೆಡದು.

ಹಾಸ್‌ನಿಂದ ಮೇಲೆ ಬಟರ್‌ಟಬ್ಸ್ ಘಾಟಿ. ಹೆಸರಿನ ಅರ್ಥ ಬೆಣ್ಣೆ ಗಡಿಗೆಗಳು. ರಸ್ತೆಯ ಪಕ್ಕದಲ್ಲೇ ಸುಣ್ಣಕಲ್ಲಿನ ಆಳವಾದ ಕುಳಿಗಳು. ಪೇಟೆಗೆ ಹೋಗುವ ರೈತರು ದಣಿವಾರಿಸಿಕೊಳ್ಳುವಾಗ ಬೆಣ್ಣೆ ಕರಗದಿರಲೆಂದು ಅದರೊಳಗೆ ಇಳಿಬಿಡುತ್ತಿದ್ದರೆಂದು ಹೇಳುತ್ತಾರೆ. ಅದನ್ನು ದಾಟಿ ಸ್ವೇಲ್‌ಡೇಲ್ ಕಣಿವೆ ಹಾದು ಹೋದರೆ ಟ್ಯಾನ್ ಹಿಲ್. 1,732 ಅಡಿ ಎತ್ತರದಲ್ಲಿರುವ, ಬ್ರಿಟನ್ನಿನ ಅತಿ ಎತ್ತರದ ಮದ್ಯಗೃಹ. ಹೆಸರು ಕೇಳಿ ಹುಬ್ಬು ಗಂಟಿಕ್ಕಬೇಡಿ, ಊಟ ಟೀ ಎಲ್ಲವೂ ಉಂಟು. 2021ರ ನವೆಂಬರಿನ ಬಿರುಗಾಳಿಯಲ್ಲಿ ಹಿಮ ಬಿದ್ದು ಸುಮಾರು 60 ಜನ ಮೂರು ರಾತ್ರಿ ಇಲ್ಲೇ ಸಿಕ್ಕಿಬಿದ್ದಿದ್ದರಂತೆ.

ಇನ್ನೊಂದು ಭಾನುವಾರ ಪೆನ್ರಿತ್ ಊರಿನಿಂದ ಆಲ್‌ಸ್ಟನ್ ಕಡೆ ಹೋಗುವ ದಾರಿಯ ಹಾರ್ಟ್‌ಸೈಡ್ ಘಾಟಿ. ತಿರುವಿನ ಮೇಲೆ ತಿರುವು. ನೆತ್ತಿ 1,904 ಅಡಿ; ನಮ್ಮ ಅರಸೀಕೆರೆಯೇ ಅದಕ್ಕಿಂತ ಎತ್ತರದಲ್ಲಿದೆ ಅನ್ನಿ! ಆದರೂ ಅಲ್ಲಿ ನಿಂತರೆ ನೋಟ ಸ್ಕಾಟ್ಲೆಂಡಿನ ಬೆಟ್ಟಗಳವರೆಗೆ ಹರಿಯುತ್ತದೆ. ಅಲ್ಲಿದ್ದ ಹೆಸರುವಾಸಿ ಹೋಟೆಲು 2018ರ ಮಾರ್ಚಿಯಲ್ಲಿ ಬೆಂಕಿಗೆ ಆಹುತಿಯಾಯಿತು. ಟೀ ಕೊಡುವ ಮನೆ ಸುಟ್ಟುಹೋದರೂ ಜನ ಅಲ್ಲಿ ಸೇರುವುದನ್ನು ಬಿಡಲಿಲ್ಲ.

ಇಷ್ಟೆಲ್ಲ ಹೊಗಳಿದೆನೆಂದು ಅಪಾಯವಿಲ್ಲ ಎಂದುಕೊಳ್ಳಬೇಡಿ. ಬ್ರಿಟನ್ನಿನ ರಸ್ತೆಗಳಲ್ಲಿ ಓಡುವ ವಾಹನಗಳಲ್ಲಿ ಮೋಟಾರ್‌ಸೈಕಲ್ಲಿನ ಪಾಲು ನೂರಕ್ಕೆ ಒಂದರಷ್ಟು. ರಸ್ತೆಯಲ್ಲಿ ಸಾಯುವವರಲ್ಲಿ ಸುಮಾರು ಐವರಿಗೆ ಒಬ್ಬರು ಮೋಟಾರ್‌ಸೈಕಲ್ಲಿನವರು. ಈ ಚಂದದ ಹಳ್ಳಿ ದಾರಿಗಳಲ್ಲೇ ಹೆಚ್ಚು ಸಾವು. ತಿರುವಿನಾಚೆ ಟ್ರಾಕ್ಟರೋ, ಕುರಿಯೋ, ರಸ್ತೆಗೆ ಬಿದ್ದ ಮಣ್ಣೋ ಇರಬಹುದು. ಅಡ್ಡರಸ್ತೆಯಿಂದ ಕಾರಿನವನು ನೋಡದೆ ನುಗ್ಗಬಹುದು. ಇದನ್ನು ನನಗೆ ಹೇಳಿದ್ದು ಮಗಳೇ, ಮುಚ್ಚುಮರೆಯಿಲ್ಲದೆ. ಅದಕ್ಕೇ 1973ರಿಂದ ಅಲ್ಲಿ ಹೆಲ್ಮೆಟ್ ಕಡ್ಡಾಯ, ರಸ್ತೆಗಿಳಿಯುವ ಮೊದಲು ತರಬೇತಿಯೂ ಕಡ್ಡಾಯ. ಪೊಲೀಸರೇ ಸವಾರರ ಜೊತೆ ಗಾಡಿಯಲ್ಲಿ ಬಂದು ತಪ್ಪು ತೋರಿಸಿಕೊಡುವ ಏರ್ಪಾಟೂ ಇದೆ. ಮಗಳು ಅದಕ್ಕೆ ಹೋಗಿ ಬಂದಿದ್ದಾಳೆ.

ಅವಳಿಗೆ ಈ ಗೀಳು ಹತ್ತಿದ್ದು ಆಸ್ಪತ್ರೆಯಲ್ಲಿ. ಅಲ್ಲಿ ಸಂಬಳವಿಲ್ಲದೆ ರಾತ್ರಿ ಹೊತ್ತು ಮೋಟಾರ್‌ಸೈಕಲ್ಲಿನಲ್ಲಿ ರಕ್ತ, ಪರೀಕ್ಷೆಯ ಸೀಸೆಗಳನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಒಯ್ಯುವ ಸ್ವಯಂಸೇವಕರಿದ್ದಾರೆ. ನಡುರಾತ್ರಿ ಮಳೆಯಲ್ಲಿ ನೆನೆದು ಬಂದು ಪೆಟ್ಟಿಗೆ ಕೊಟ್ಟು ಹೋಗುವವರನ್ನು ನೋಡಿ ನೋಡಿ ಅವಳೂ ಕಲಿತಳು. "ಇನ್ನೂ ನಾಲ್ಕು ವರ್ಷ ಅನುಭವ ಆಗ್ಲಿ ಅಮ್ಮ, ಆಮೇಲೆ ನಾನೂ ಆ ಕೆಲ್ಸಕ್ಕೆ ಸೇರ್ತೀನಿ" ಎನ್ನುತ್ತಾಳೆ.

ಹೆಣ್ಣಿಗೇಕೆ ಎಂಬ ನಾದಿನಿಯ ಮಾತಿಗೂ ಉತ್ತರ ಸಿಕ್ಕಿತು. ಥೆರೇಸಾ ವಾಲಾಕ್, ಫ್ಲಾರೆನ್ಸ್ ಬ್ಲೆಂಕಿರನ್ ಎಂಬ ಇಬ್ಬರು ಹೆಂಗಸರು 1934ರ ಡಿಸೆಂಬರಿನಲ್ಲಿ ಲಂಡನ್ನಿನಿಂದ ಹೊರಟು, ಸಹಾರಾ ಮರುಭೂಮಿ ದಾಟಿ, 1935ರ ಜುಲೈಯಲ್ಲಿ ಆಫ್ರಿಕದ ತುದಿಯ ಕೇಪ್‌ಟೌನ್ ಮುಟ್ಟಿದರು. ಅವರ ಪ್ಯಾಂಥರ್ ಗಾಡಿ ತಯಾರಾದದ್ದು ಇದೇ ಉತ್ತರ ಸೀಮೆಯ ಕ್ಲೆಕ್‌ಹೀಟನ್ನಿನಲ್ಲಿ. ಫೋನಿನಲ್ಲಿ ಇದನ್ನು ಹೇಳಿದಾಗ ನಾದಿನಿ, "ಅವ್ರ ಅಮ್ಮಂದಿರು ಏನಂದ್ರಂತೆ?" ಎಂದಳು. ಕೇಳಬೇಕಾದ ಪ್ರಶ್ನೆಯೇ.

ನನ್ನ ಹೆದರಿಕೆ ಹೋಯಿತೇ? ಇಲ್ಲ. ಹೋಗುವುದೂ ಇಲ್ಲ, ಹೆತ್ತವಳಿಗೆ ಅದು ಹೋಗಬಾರದು. ಆದರೆ ಬೇಡ ಎನ್ನಲಿಲ್ಲ. ಎರಡು ಕರಾರು ಹಾಕಿದೆ: ಕತ್ತಲಾದ ಮೇಲೆ ಈ ಘಾಟಿ ದಾರಿ ಬೇಡ, ನಿಂತ ಕಡೆಯಿಂದೆಲ್ಲ ಒಂದು ಸುದ್ದಿ ಬೇಕು. ಅವಳು ಒಪ್ಪಿದಳು.

ಸೋದರಿಯರೇ, ನಿಮ್ಮ ಮನೆಯಿಂದಲೂ ಮಗನೋ ಮಗಳೋ ಗಾಡಿಯಲ್ಲಿ ಚಿಕ್ಕಮಗಳೂರು, ಸಕಲೇಶಪುರ ಎಂದು ಹೊರಡುತ್ತಿರಬಹುದು. ಹೋಗಬೇಡ ಎಂದರೆ ಹೇಳದೆ ಹೋಗುತ್ತಾರೆ. ಅದರ ಬದಲು ಯಾವ ದಾರಿ, ಎಲ್ಲೆಲ್ಲಿ ನಿಲ್ಲುತ್ತೀರಿ, ಕಡೆಗೆ ಬರುವವರು ಯಾರು, ತಲೆ ಎಣಿಸುವವರು ಯಾರು ಎಂದು ಕೇಳಿ. ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿದೆಯೇ ಎಂದು ಬಾಗಿಲಲ್ಲೇ ನೋಡಿ. ತಿಂಡಿ ಕಟ್ಟಿಕೊಡಿ, ಹಸಿದವರು ಮನೆ ಸೇರುವ ಆತುರದಲ್ಲಿ ಜೋರಾಗಿ ಓಡಿಸುತ್ತಾರೆ.

ನನ್ನ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಈಗ ಆ ಊರುಗಳ ಹೆಸರಿವೆ. ಬೇಸಿಗೆಯಲ್ಲಿ ಅವರಿಗೂ ನಮಗೂ ನಾಲ್ಕೂವರೆ ಗಂಟೆಯ ಅಂತರ. ಭಾನುವಾರ ಒಂದೊಂದು ಕಡೆಯಿಂದ "ಮುಟ್ಟಿದೆ ಅಮ್ಮ" ಎಂದು ಬಂದ ಹಾಗೆ ಒಂದೊಂದಕ್ಕೆ ಗುರುತು ಹಾಕುತ್ತೇನೆ. ಅವಳು ಸಂಜೆ ಐದಕ್ಕೆ ಮನೆ ಸೇರಿದರೆ ನನಗೆ ರಾತ್ರಿ ಒಂಬತ್ತೂವರೆ. ಕಡೆಯ ಗುರುತು ಹಾಕಿ, ಹಾಲಿಗೆ ಹೆಪ್ಪು ಬಿಟ್ಟು, ದೀಪ ಆರಿಸುತ್ತೇನೆ.